ಹೊಲಿಗೆ ಟೀಚರ ಎಂಟು ಸಾಲು

ನಾನು ಹೊಟ್ಟೆಕಿಚ್ಚಿನವಳು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ. ಬೇರೆಯವರ ಸೀರೆ, ಬಂಗಾರ, ಮನೆ, ಗಂಡ ಇವು ಯಾವುದರ ಮೇಲೂ ನಾನು ಕಣ್ಣು ಹಾಕಿದವಳಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯವಳೇ. ಆದರೆ ನನ್ನ ಎದುರಿಗೆ ಯಾರಾದರೂ ಒಂದು ಒಳ್ಳೆಯ ಸಾಲು ಬರೆದರೆ ಆ ದಿನ ನನಗೆ ಊಟ ಸೇರುತ್ತಿರಲಿಲ್ಲ. ಈಗಲೂ ಸೇರುವುದಿಲ್ಲ. ಡಾಕ್ಟರು ಅದನ್ನು ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಡುತ್ತಾರೆ. ನಾನು ಸುಮ್ಮನೆ ನುಂಗುತ್ತೇನೆ.

ಅರುವತ್ತರ ದಶಕ ಶುರುವಾದ ಹೊಸತು. ಸುಳ್ಯದ ಶಾಲೆಯೊಂದರಲ್ಲಿ ನಾನು ಕನ್ನಡ ಟೀಚರ್. ನನ್ನ ಊರು ಈಶ್ವರಮಂಗಲದ ಹತ್ತಿರ. ದಿನಾ ಹೋಗಿ ಬರುವ ದಾರಿಯಲ್ಲವಾದ್ದರಿಂದ ಬ್ಯಾರಿ ವ್ಯಾಪಾರಿಯೊಬ್ಬರ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೋಣೆಯ ಇನ್ನರ್ಧ ನಮ್ಮ ಶಾಲೆಯ ಹೊಲಿಗೆ ಟೀಚರದ್ದು. ಕಡಬದ ಕಡೆಯವಳು, ತಂದೆ ಇರಲಿಲ್ಲ, ಮನೆಯಲ್ಲಿ ತಾಯಿ ಒಬ್ಬರೇ. ನನಗಿಂತ ಎರಡು ವರ್ಷ ದೊಡ್ಡವಳು. ಆದರೂ ಅವಳು ನನ್ನನ್ನು ‘ನೀವು’ ಅನ್ನುತ್ತಿದ್ದಳು, ನಾನು ಅವಳನ್ನು ‘ನೀನು’ ಅನ್ನುತ್ತಿದ್ದೆ. ನಾನು ಇಂಟರ್ ಪಾಸಾದವಳು, ಅವಳು ಎಂಟನೆಯದಕ್ಕೆ ನಿಲ್ಲಿಸಿ ಹೊಲಿಗೆ ಪರೀಕ್ಷೆ ಕಟ್ಟಿದವಳು. ಇದು ನಾವು ಹೇಳಿಕೊಳ್ಳುವ ಕಾರಣ. ಹೇಳಿಕೊಳ್ಳದ ಕಾರಣವನ್ನು ಮಕ್ಕಳು ನಾಚಿಕೆಯಿಲ್ಲದೆ ಹೇಳುತ್ತಿದ್ದರು. ನಮ್ಮಿಬ್ಬರಿಗೂ ಅವರು ತುಳುವಿನಲ್ಲಿ ಇಟ್ಟಿದ್ದ ಹೆಸರು ‘ಬೊಳ್ದು ಟೀಚರ್’ ಮತ್ತು ‘ಕಪ್ಪು ಟೀಚರ್’. ಬಿಳಿಯವಳು ನಾನು.

ಆ ಹೆಸರನ್ನು ನಾನು ಎಂದೂ ತಿದ್ದಲಿಲ್ಲ. ಅವಳ ಹೆಸರನ್ನು ಕೇಳಿ ಒಂದೆರಡು ಸಲ ಮಕ್ಕಳಿಗೆ ಗದರಿದ್ದೆ, ನನ್ನದನ್ನು ಕೇಳಿ ಕಿವುಡಿಯಾಗಿದ್ದೆ. ನನ್ನನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರೇ ಒಪ್ಪಿಕೊಂಡು, ಬರುವ ಫಾಲ್ಗುಣಕ್ಕೆ ಮದುವೆ ಎಂದು ನಿಶ್ಚಯವಾಗಿತ್ತು. ಅವಳನ್ನು ಎಷ್ಟು ಮಂದಿ ನೋಡಿ ಹೋಗಿದ್ದರೋ ನನಗೆ ಗೊತ್ತಿರಲಿಲ್ಲ. ರಜೆಯಲ್ಲಿ ಮನೆಗೆ ಹೋಗಿ ಬಂದಳೆಂದರೆ ಎರಡು ದಿನ ಮಾತು ಕಡಿಮೆ. ಮೂರನೆಯ ದಿನ ಮಿಷನಿನ ಮುಂದೆ ಕುಳಿತು ಯಾರದ್ದೋ ಮದುವೆಯ ರವಿಕೆ ಹೊಲಿಯುತ್ತಿದ್ದಳು.

ನನ್ನ ಚಿಂತೆ ಮದುವೆಯದ್ದಲ್ಲ, ಕವಿತೆಯದ್ದು. ಟ್ರಂಕಿನ ತಳದಲ್ಲಿ ನನ್ನ ಕವಿತೆಗಳ ಎರಡು ನೋಟುಬುಕ್ಕುಗಳಿದ್ದವು. ಹೆತ್ತವರಿಗೆ ಹೆಗ್ಗಣ ಮುದ್ದು. ನನಗೆ ಅವುಗಳಲ್ಲಿ ಒಂದು ಅಕ್ಷರವೂ ಹೆಚ್ಚು ಕಡಿಮೆ ಕಾಣುತ್ತಿರಲಿಲ್ಲ. ಮಂಗಳೂರಿನ ಒಂದು ವಾರಪತ್ರಿಕೆಗೆ ಮೂರು ಸಲ ಕಳಿಸಿದ್ದೆ. ಮೂರು ಸಲವೂ ಸಂಪಾದಕರು ಮರಳಿ ಕಳಿಸಿದರು. ಮೂರನೆಯ ಸಲ ಲಕೋಟೆಯೊಳಗೆ ಒಂದು ಚೀಟಿ ಇತ್ತು: ‘ಛಂದಸ್ಸು ಸರಿ ಇದೆ. ಅನುಭವ ಎಲ್ಲಿ?’ ನಾನು ಆ ಚೀಟಿಯನ್ನು ಹರಿದು ಒಲೆಗೆ ಹಾಕಿದೆ. ಆದರೆ ಅಚ್ಚಾದರೆ ಅದೇ ಪತ್ರಿಕೆಯಲ್ಲಿ ಅಚ್ಚಾಗಬೇಕು ಎಂಬ ಹಟ ಅಂದಿನಿಂದ ಹಿಡಿಯಿತು. ಮದುವೆಯಾಗಿ ಬೇರೆ ಮನೆಯ ಅಡುಗೆಕೋಣೆ ಸೇರುವ ಮೊದಲು ಒಂದು ಸಲ, ಒಂದೇ ಒಂದು ಸಲ, ನನ್ನ ಹೆಸರನ್ನು ಅದರಲ್ಲಿ ನೋಡಬೇಕಿತ್ತು.

ಹಾಗಿರುವಾಗ ಪುತ್ತೂರಿನ ಮಹಿಳಾ ಮಂಡಲದ ಅಧ್ಯಕ್ಷೆಯಿಂದ ಕರೆ ಬಂತು. ಅವರು ಡಾಕ್ಟರರ ಹೆಂಡತಿ, ಬಹಳ ಓದಿಕೊಂಡವರು. ಅವರ ತಮ್ಮ ಅಮೆರಿಕದಲ್ಲಿ ಕಲಿಯುತ್ತಿದ್ದ. ಅವನು ಕಳಿಸಿದ ಒಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಅಲ್ಲಿಯ ನೀಗ್ರೋ ಹೆಂಗಸರು ಬರೆದ ಕವಿತೆಗಳು. ಆಗ ನಾವೆಲ್ಲ ಹಾಗೆಯೇ ಹೇಳುತ್ತಿದ್ದದ್ದು. ನವರಾತ್ರಿಯ ಸಭೆಯಲ್ಲಿ ಅದರಿಂದ ಒಂದನ್ನಾದರೂ ಕನ್ನಡ ಮಾಡಿ ಓದಬೇಕು ಎಂದರು. “ನಮ್ಮ ಹೆಂಗಸರಿಗೆ ಪ್ರಪಂಚದಲ್ಲಿ ಎಂತ ಆಗ್ತಾ ಉಂಟು ಅಂತ ಗೊತ್ತಾಗ್ಲಿ. ಮಂಗಳೂರಿನ ಸಂಪಾದಕರೂ ಬರ್ತಾರೆ. ಅವತ್ತು ಓದಿದ್ದರಲ್ಲಿ ಒಂದನ್ನು ದೀಪಾವಳಿ ಸಂಚಿಕೆಗೆ ತೆಗೆದುಕೊಳ್ತೇನೆ ಅಂತ ಮಾತು ಕೊಟ್ಟಿದ್ದಾರೆ” ಎಂದರು. ಯಾವ ಪತ್ರಿಕೆ ಎಂದು ಕೇಳಿದೆ. ಅದೇ ಪತ್ರಿಕೆ. ಸುಳ್ಯಕ್ಕೆ ಮರಳುವಾಗ ಬಸ್ಸಿನಲ್ಲಿ ಸೀಟು ಇದ್ದರೂ ನನಗೆ ಕುಳಿತುಕೊಳ್ಳಲು ಮನಸ್ಸಾಗಲಿಲ್ಲ.

ಶನಿವಾರ ಶಾಲೆ ಅರ್ಧ ದಿನ. ಊಟ ಮುಗಿಸಿ ನಾನು ಪುಸ್ತಕ, ಡಿಕ್ಷನರಿ ಹರಡಿಕೊಂಡು ಕುಳಿತೆ. ಅವಳು ಕಿಟಕಿಯ ಹತ್ತಿರ ಮನೆಯೊಡತಿಯ ಕುಪ್ಪಾಯಕ್ಕೆ, ಬ್ಯಾರಿ ಹೆಂಗಸರು ತೊಡುವ ಉದ್ದ ತೋಳಿನ ರವಿಕೆಗೆ, ಗುಂಡಿ ಹಾಕುತ್ತಿದ್ದಳು. ನಾನು ಆರಿಸಿದ ಕವಿತೆ ಚಿಕ್ಕದು. ಅದನ್ನೇ ಆರಿಸಿದ್ದು ಚಿಕ್ಕದು ಎಂಬ ಕಾರಣಕ್ಕೆ.

“ಎಂತ ಬರೆದಿದ್ದಾಳೆ ಟೀಚರೆ ಅವಳು?” ಎಂದು ಕೇಳಿದಳು.

ಹೇಳಿದೆ. ಬಿಳಿಯರ ಮನೆಯಲ್ಲಿ ಅಡುಗೆಗೆ ಇರುವ ಒಬ್ಬ ಕಪ್ಪು ಹೆಂಗಸು. ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಳೆ. ಮನೆಯ ಮಗು ಸಾಬೂನು ತಂದು ಅವಳ ಮೊಣಕೈಯನ್ನು ಉಜ್ಜುತ್ತದೆ. ಬಣ್ಣ ಹೋಗುವುದಿಲ್ಲ. ಇನ್ನೂ ಉಜ್ಜುತ್ತದೆ. ಹೋಗುವುದೇ ಇಲ್ಲ ಎಂದು ಗೊತ್ತಾದಾಗ ಮಗು ಅಳುತ್ತದೆ. ಅವಳು ಹಿಟ್ಟಿನ ಕೈಯಲ್ಲೇ ಮಗುವನ್ನು ಎತ್ತಿ ಸಮಾಧಾನ ಮಾಡುತ್ತಾಳೆ.

“ಮತ್ತೆ?”

“ಮತ್ತೆ ಎಂತ ಇಲ್ಲ. ಅಷ್ಟೇ. ಕೊನೆಯೇ ಇಲ್ಲ ಮಾರಾಯ್ತಿ ಇದಕ್ಕೆ.”

ಅವಳ ಸೂಜಿ ನಿಂತಿತ್ತು. “ಮಗುವನ್ನು ಇವಳೇ ಸಮಾಧಾನ ಮಾಡುದಾ?” ಎಂದು ಕೇಳಿದಳು. ಹೌದು ಎಂದೆ. ಇನ್ನೊಂದು ಸಲ ಹೇಳಿ ಎಂದಳು. ಇನ್ನೊಂದು ಸಲ ಹೇಳಿದೆ, ಸ್ವಲ್ಪ ಬೇಸರದಲ್ಲೇ. ಆಮೇಲೆ ಅವಳು ಗುಂಡಿ ಹಾಕಲಿಲ್ಲ. ಕಿಟಕಿಯ ಹೊರಗೆ ಬಟ್ಟೆ ಒಣಗಿಸುವ ಹಗ್ಗವನ್ನು ನೋಡುತ್ತ ಕುಳಿತಳು.

ನಾನು ಒಂದು ವಾರ ಒದ್ದಾಡಿದೆ. ಕಪ್ಪು ಹೆಂಗಸು ಎಂದು ಬರೆಯಲು ಕೈ ಬರಲಿಲ್ಲ. ನಮ್ಮ ಕಡೆ ಕಪ್ಪು ಎಂದರೆ ಕೂಡಲೇ ಒಂದು ಔಷಧಿ ಹಚ್ಚಬೇಕು. ‘ಕಪ್ಪಾದರೂ ಲಕ್ಷಣ ಉಂಟು’ ಅನ್ನಬೇಕು, ಇಲ್ಲದಿದ್ದರೆ ‘ಕೃಷ್ಣನೂ ಕಪ್ಪಲ್ಲವಾ’ ಅನ್ನಬೇಕು. ಹೆಣ್ಣು ಹೆತ್ತ ಮನೆಗಳಲ್ಲಿ ಈ ಮಾತನ್ನು ಅಕ್ಷತೆಯ ಹಾಗೆ ಎಲ್ಲರೂ ಒಂದೊಂದು ಹಿಡಿ ಹಾಕಿ ಹೋಗುತ್ತಾರೆ. ಅದನ್ನೇ ನಾನೂ ಮಾಡಿದೆ. ಅಮೆರಿಕದ ಅಡುಗೆಯವಳು ನನ್ನ ಕೈಯಲ್ಲಿ ‘ಶ್ಯಾಮಲೆ’ ಆದಳು. ಹಿಟ್ಟು ‘ನವನೀತ’ ಆಯಿತು. ಕೊನೆಯಿಲ್ಲದ ಕವಿತೆಗೆ ಒಂದು ಕೊನೆಯನ್ನೂ ಕೊಟ್ಟೆ: ಅಳುವ ಮಗುವಿಗೆ ಅವಳಲ್ಲಿ ಬಾಲಕೃಷ್ಣ ಕಾಣಿಸಿ ಅದು ನಗುತ್ತದೆ.

ಮನೆಯೊಡತಿಯನ್ನು ನಾವಿಬ್ಬರೂ ಉಮ್ಮ ಎಂದೇ ಕರೆಯುತ್ತಿದ್ದೆವು, ಅವರಿಗೆ ನಾವಿಬ್ಬರೂ ಮೋಳೆ, ಅಂದರೆ ಮಗಳು. ಕುಪ್ಪಾಯ ಕೊಂಡುಹೋಗಲು ಬಂದವರನ್ನು ಹಿಡಿದು ಕೂರಿಸಿ ನನ್ನ ಅನುವಾದವನ್ನು ರಾಗವಾಗಿ ಓದಿದೆ. ಅವರು ತಲೆಗೆ ಬಟ್ಟೆ ಎಳೆದುಕೊಂಡು ಭಕ್ತಿಯಿಂದ ಕೇಳಿದರು. ಮುಗಿದ ಮೇಲೆ, “ಒಳ್ಳೇದುಂಟು ಮೋಳೆ. ಇದು ನಿಮ್ಮ ದೇವರ ಪ್ರಾರ್ಥನೆಯಾ?” ಎಂದು ಕೇಳಿದರು.

ಹೊಲಿಗೆ ಟೀಚರ್ ನಕ್ಕುಬಿಟ್ಟಳು. ನನಗೆ ಸಿಟ್ಟು ಬಂತು. “ನಗ್ಲಿಕ್ಕೆ ಎಂತ ಉಂಟು?” ಎಂದೆ.

“ಅಲ್ಲ ಟೀಚರೆ, ಆ ಅಡುಗೆಯವಳ ಮಧ್ಯೆ ಕೃಷ್ಣ ಯಾಕೆ ಬಂದ?”

“ಅವನೂ ಕಪ್ಪಲ್ಲವಾ!”

“ಹೌದು,” ಎಂದಳು. ನಗು ಮುಖದಲ್ಲೇ ಇತ್ತು. “ಆದ್ರೆ ಅವನನ್ನು ನೋಡ್ಲಿಕ್ಕೆ ಯಾರಾದ್ರೂ ಬಂದು, ಚಾ ಕುಡಿದು, ಮತ್ತೆ ಕಾಗದ ಹಾಕ್ತೇವೆ ಅಂತ ಹೇಳಿ ಹೋದದ್ದುಂಟಾ?”

ಉಮ್ಮ ನಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು, ನಿನಗೆ ಕಾವ್ಯದ ಗಂಧ ಇಲ್ಲ ಎಂದು ಹೇಳಿ ನೋಟುಬುಕ್ಕು ಮುಚ್ಚಿದೆ.

ಎರಡು ದಿನ ಕಳೆದು ಅವಳು ನನ್ನ ಎದುರು ಒಂದು ಕಾಗದ ಇಟ್ಟಳು. ರವಿಕೆಯ ಅಳತೆಗೆ ಕತ್ತರಿಸಿದ ಹಳೆಯ ಕ್ಯಾಲೆಂಡರಿನ ಹಾಳೆ, ತೋಳಿನ ಆಕಾರದ್ದು. ಅದರ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದಳು. “ಆ ಹೆಂಗಸಿನದ್ದು ಕೇಳಿ ನನಗೂ ಒಂದು ಬರೀಬೇಕು ಅಂತ ಆಯ್ತು. ತಪ್ಪುಂಟಾ ನೋಡಿ, ತಿದ್ದಿ ಕೊಡಿ ಟೀಚರೆ” ಎಂದಳು.

ನೋಡಲಿಕ್ಕೆ ಬಂದವರ ಅತ್ತೆ
ಸೆರಗಿನ ತುದಿ ನೀರಿಗೆ ಅದ್ದಿ
ನನ್ನ ಕೆನ್ನೆ ಒರಸಿದರು.
ಸೆರಗಿಗೆ ಪೌಡರು ಬಂತು,
ನಾನು ಬರಲಿಲ್ಲ.
ಅಮ್ಮ ಬೇರೆ ಚಾ ಮಾಡಿ ತಂದರು.
ಅದನ್ನೂ ಕುಡಿದು
ಹೋದರು.

ಓದಿದ ಕೂಡಲೇ ನನಗೆ ಆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅವಳ ಮೇಲೆ ಕನಿಕರ ಬರಲಿಲ್ಲ. ಆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಹೊಟ್ಟೆಯೊಳಗೆ ಬೆಂಕಿ ಬಿದ್ದಿತು. ‘ನಾನು ಬರಲಿಲ್ಲ’ ಎಂಬ ಎರಡು ಶಬ್ದವನ್ನು ಇವಳು ಎಲ್ಲಿಂದ ತಂದಳು? ನಾನು ಆರು ವರ್ಷ ಛಂದಸ್ಸು ಕಲಿತಿದ್ದೆ. ಎರಡು ನೋಟುಬುಕ್ಕು ತುಂಬಿಸಿದ್ದೆ. ಇವಳು ಕಾಜ ಹೊಲಿಯುವ ನಡುವೆ ಬಿಡುವು ಮಾಡಿಕೊಂಡು, ಕೆಟ್ಟ ಅಕ್ಷರದಲ್ಲಿ, ಸಂಪಾದಕರು ‘ಎಲ್ಲಿ’ ಎಂದು ಕೇಳಿದ್ದನ್ನು ತಂದು ನನ್ನ ಮುಂದೆ ಇಟ್ಟಿದ್ದಳು.

ಇನ್ನೂ ನಾಚಿಕೆಗೇಡಿನದ್ದು ಹೇಳಬೇಕೇ? ನನಗೆ ಆ ಒದ್ದೆ ಸೆರಗಿನ ಮೇಲೂ ಹೊಟ್ಟೆಕಿಚ್ಚಾಯಿತು. ನನ್ನ ಕೆನ್ನೆಯನ್ನು ಯಾರೂ ಒರಸಿ ನೋಡಿರಲಿಲ್ಲ. ನನ್ನನ್ನು ನೋಡಿದವರು ಹೋಳಿಗೆ ತಿಂದು, ದಿನ ನೋಡಿ, ನಗುತ್ತ ಹೋಗಿದ್ದರು. ಅದರಿಂದ ಎಂತ ಕವಿತೆ ಮಾಡುವುದು? ನೋವು ಅವಳಿಗೆ, ಅದರ ಫಲವೂ ಅವಳಿಗೇ ಎಂದು ನಾನು ಲೆಕ್ಕ ಹಾಕಿದೆ. ಮನುಷ್ಯರು ಯೋಚಿಸುವ ರೀತಿಯಲ್ಲ ಅದು, ಗೊತ್ತು. ಆದರೆ ಆ ಮಧ್ಯಾಹ್ನ ನಾನು ಯೋಚಿಸಿದ್ದು ಹಾಗೆಯೇ.

“ಹೇಗುಂಟು?” ಎಂದು ಕೇಳಿದಳು.

“ಸುದ್ದಿ ಹೇಳಿದ ಹಾಗೆ ಉಂಟು. ಕವಿತೆ ಆಗಲಿಲ್ಲ” ಎಂದೆ.

ಅವಳು ತಲೆಯಾಡಿಸಿ ಕಾಗದ ತೆಗೆದುಕೊಳ್ಳಲು ಕೈ ಚಾಚಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಾಗಿಲಲ್ಲಿ ಉಮ್ಮ ನಿಂತಿದ್ದರು. ಅದು ಎಂತದು, ನನಗೂ ಓದಿ ಹೇಳು ಮೋಳೆ, ಎಂದು ಅವಳನ್ನು ಕೇಳಿದರು. ಅವಳು ನಾಚಿಕೊಂಡು, ಪಾಠ ಒಪ್ಪಿಸುವ ಮಕ್ಕಳ ಹಾಗೆ, ಒಂದೇ ಉಸಿರಿಗೆ ಓದಿದಳು. ಉಮ್ಮನ ಕಣ್ಣಲ್ಲಿ ನೀರು ಬಂತು. “ಯಾ ಅಲ್ಲಾ, ಎರಡನೇ ಚಾ ಸಹ ಕುಡಿದ್ರಾ ಬಲಾಲುಗಳು!” ಎಂದು ಆ ಬಂದವರನ್ನು ಬೈದರು. ಆಮೇಲೆ ನನ್ನ ಕಡೆ ತಿರುಗಿ, “ಟೀಚರೆ, ಪುತ್ತೂರಿನಲ್ಲಿ ಇದನ್ನೂ ಓದಿಸ್ಬೇಕು. ನಾನು ನಾಳೆ ಮದ್ದಿಗೆ ಡಾಕ್ಟರ ಹತ್ತಿರ ಹೋಗುವಾಗ ಅವರ ಹೆಂಡತಿಗೆ ಹೇಳ್ತೇನೆ” ಎಂದರು. ಹೇಳಿಯೂ ಬಿಟ್ಟರು. ಅಧ್ಯಕ್ಷೆಯಿಂದ ಬಹಳ ಸಂತೋಷ ಎಂದು ಉತ್ತರ ಬಂತು.

ಈಗ ನನ್ನ ಕೈಯಲ್ಲಿ ಉಳಿದದ್ದು ಒಂದೇ ಆಯುಧ. ಅವಳೇ ಕೊಟ್ಟದ್ದು. ‘ತಿದ್ದಿ ಕೊಡಿ’ ಎಂದಿದ್ದಳಲ್ಲ.

“ಸಭೆಯಲ್ಲಿ ಓದುದಾದ್ರೆ ಹೀಗೆ ಆಗುದಿಲ್ಲ, ದೊಡ್ಡವರು ಬರ್ತಾರೆ” ಎಂದು ಹೇಳಿ ಕಾಗದ ಇಸಿದುಕೊಂಡೆ. ನಮ್ಮಲ್ಲಿ ಅದು ತಪ್ಪೇ ಅಲ್ಲ. ಹೊಸಬರು ಬರೆದದ್ದನ್ನು ತಿಳಿದವರು ತಿದ್ದುವುದು ದೊಡ್ಡ ಉಪಕಾರ. ತಿದ್ದಿಸಿಕೊಂಡವರು ನಮಸ್ಕಾರ ಮಾಡುತ್ತಾರೆ. ಕೆಂಪು ಶಾಯಿ ತೆಗೆದೆ. ಒಂದು ಗಂಟೆ ಕುಳಿತು ಬಹಳ ಶ್ರದ್ಧೆಯಿಂದ ತಿದ್ದಿದೆ. ಆ ತಿದ್ದುಪಡಿ ನನಗೆ ಇಂದಿಗೂ ಬಾಯಿಪಾಠ:

ಶ್ಯಾಮಲ ವದನದಿ ಲೇಪಿತ ಚೂರ್ಣವ
ಸೆರಗಲಿ ಒರಸಿದಿರೇಕಮ್ಮಾ?
ಯಮುನಾ ತೀರದ ನೀಲಾಂಗನ ತನು
ವರ್ಣವ ಮರೆತಿರೆ ನೀವಮ್ಮಾ?

ಅಮ್ಮ, ಎರಡನೆಯ ಚಾ, ‘ನಾನು ಬರಲಿಲ್ಲ’ ಎಲ್ಲವೂ ಹೋದವು. ತಿಳಿಯದೆ ಮಾಡಿದೆ ಎಂದು ಹೇಳಿದರೆ ಈ ವಯಸ್ಸಿನಲ್ಲಿ ಯಾರೂ ಕೇಳಲು ಬರುವುದಿಲ್ಲ, ನಂಬಿಬಿಡುತ್ತಾರೆ. ಆದರೆ ನನಗೆ ತಿಳಿದಿತ್ತು. ಒಂದೊಂದು ಶಬ್ದ ಹೊಡೆದು ಹಾಕುವಾಗಲೂ ಇದು ಜೀವ ಇರುವ ಶಬ್ದ ಎಂದು ಗೊತ್ತಿದ್ದೇ ಹೊಡೆದು ಹಾಕಿದೆ. ಗೊತ್ತಾಗುವಷ್ಟು ಕಲಿತಿದ್ದೆ; ಕಲಿತದ್ದು ಉಪಯೋಗಕ್ಕೆ ಬಂದದ್ದು ಹೀಗೆ.

ಅವಳು ಓದಿಕೊಂಡಳು. ‘ಚೂರ್ಣ’ ಎಂದರೆ ಎಂತ ಎಂದು ಕೇಳಿದಳು. ಪೌಡರು ಎಂದೆ. “ಇದು ರಾಗಕ್ಕೆ ಬರ್ತದೆ ಅಲ್ಲವಾ” ಎಂದಳು. ಹೌದು ಎಂದೆ. “ಉಪಕಾರ ಆಯ್ತು ಟೀಚರೆ” ಎಂದಳು.

ಪುತ್ತೂರಿನ ಸಭೆಗೆ ನಾವು ಮೂವರೂ ಒಟ್ಟಿಗೆ ಹೋದೆವು. ಉಮ್ಮ ಹೊಸ ಕುಪ್ಪಾಯ ಹಾಕಿದ್ದರು. ಸುಬ್ರಹ್ಮಣ್ಯಕ್ಕೆ ಹೋಗಿ ಮರಳುವ ಯಾತ್ರೆಯವರಿಂದ ಬಸ್ಸು ತುಂಬಿತ್ತು. ಹೊಲಿಗೆ ಟೀಚರ್ ನಿಂತುಕೊಂಡೇ, ಕಂಬಿ ಹಿಡಿದು, ತುಟಿ ಅಲ್ಲಾಡಿಸುತ್ತ ನನ್ನ ಸಾಲುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಸಭೆಯಲ್ಲಿ ಹೆಂಗಸರು ಐವತ್ತರ ಮೇಲೆ ಇದ್ದಿರಬೇಕು. ಸಂಪಾದಕರು ಮುಂದಿನ ಕುರ್ಚಿಯಲ್ಲಿದ್ದರು, ತೆಳ್ಳಗಿನ ಮನುಷ್ಯ, ಕೊಡೆಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು.

ನಾನು ಮೊದಲು ಓದಿದೆ. ದೂರ ದೇಶದ, ಬಾಯಿಲ್ಲದ ಹೆಂಗಸರಿಗೆ ಕನ್ನಡದಲ್ಲಿ ಬಾಯಿ ಕೊಡುವ ಪ್ರಯತ್ನ ಎಂದು ಪೀಠಿಕೆ ಹಾಕಿದೆ. ಬಾಲಕೃಷ್ಣ ಬಂದ ಜಾಗದಲ್ಲಿ ಕೆಲವರು ಕೈಮುಗಿದರು. ಚಪ್ಪಾಳೆ ಜೋರಾಗಿಯೇ ಬಿತ್ತು.

ಅವಳು ಎದ್ದಳು. ಪೌಡರು ಹಚ್ಚಿರಲಿಲ್ಲ ಎಂದು ನಾನು ಆಗ ಗಮನಿಸಿದೆ. ‘ಲೇಪಿತ’ದ ಹತ್ತಿರ ಒಂದು ಸಲ ತಡವರಿಸಿದಳು. ‘ನೀಲಾಂಗನ’ ಎನ್ನುವಾಗ ಧ್ವನಿ ಕೆಳಗಿಳಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಮಗುವನ್ನು ಎತ್ತಿಕೊಂಡು ಹೊರಗೆ ಹೋದರು. ಮುಗಿದಾಗ ಚಪ್ಪಾಳೆ ಬಿತ್ತು, ಬೀಳಬೇಕಾದ್ದರಿಂದ ಬಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಉಮ್ಮ ಮಾತ್ರ ಕೈ ತಟ್ಟಲಿಲ್ಲ. ಮೆಲ್ಲಗೆ ನನ್ನ ಕಿವಿಯ ಹತ್ತಿರ, “ಅವಳದ್ದು ಯಾವಾಗ ಓದುದು?” ಎಂದು ಕೇಳಿದರು. ನಾನು ಕೇಳಿಸದವಳ ಹಾಗೆ ಸಂಪಾದಕರ ಕಡೆ ನೋಡಿದೆ. ಅವರು ನನ್ನ ಹೆಸರಿನ ಮುಂದೆ ಗುರುತು ಹಾಕುತ್ತಿದ್ದರು.

ದೀಪಾವಳಿ ಸಂಚಿಕೆ ಬಂತು. ನನ್ನ ಹೆಸರು, ಅದರ ಕೆಳಗೆ ‘ಶ್ಯಾಮಲೆ’, ಸುತ್ತ ಹೂಬಳ್ಳಿಯ ಚಿತ್ತಾರ. ಅಂಚೆಯವನ ಕೈಯಿಂದ ತೆಗೆದುಕೊಂಡು ಅಂಗಳದಲ್ಲೇ ನಿಂತು ನಾಲ್ಕು ಸಲ ಓದಿದೆ. ಬಯಸಿದ್ದು ಸಿಕ್ಕಿತ್ತು. ಒಳಗೆ ಹೋಗಿ ಅವಳ ಮಿಷನಿನ ಮೇಲೆ, ಹೊಲಿಯುತ್ತಿದ್ದ ಬಟ್ಟೆಯ ಮೇಲೆಯೇ, ಆ ಪುಟ ತೆರೆದು ಇಟ್ಟೆ. ಅವಳಿಗೆ ತೋರಿಸದೆ ನನಗೆ ಅದು ಅಚ್ಚಾದ ಹಾಗೆ ಆಗುತ್ತಿರಲಿಲ್ಲ.

ಅವಳು ಕೈ ಒರಸಿಕೊಂಡು ಪೂರ್ತಿ ಓದಿದಳು. ಒಳ್ಳೇದಾಯ್ತು ಟೀಚರೆ ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಆಮೇಲೆ ಕೇಳಿದಳು.

“ಆ ಅಮೆರಿಕದ ಹೆಂಗಸಿಗೆ ಕನ್ನಡ ಬರ್ತಿದ್ರೆ, ಇದು ಅವಳದ್ದೇ ಅಂತ ಅವಳಿಗೆ ಗೊತ್ತಾಗ್ತಿತ್ತಾ?”

“ಯಾಕೆ ಹಾಗೆ ಕೇಳುದು?” ಎಂದೆ.

“ಸುಮ್ಮನೆ,” ಎಂದಳು. ಪತ್ರಿಕೆಯನ್ನು ಮಡಚಿ ನನ್ನ ಕೈಗೆ ಕೊಟ್ಟು, ಸೂಜಿಗೆ ನೂಲು ಪೋಣಿಸಲು ಕಣ್ಣು ಕಿರಿದು ಮಾಡಿದಳು. “ಅವತ್ತು ಪುತ್ತೂರಿನಲ್ಲಿ ಓದುವಾಗ ಈ ಹೆಂಗಸು ಯಾರು, ಇವಳಿಗೆ ಎಂತ ಆಯ್ತು ಅಂತ ನನಗೇ ಗೊತ್ತಾಗ್ಲಿಲ್ಲ ಟೀಚರೆ.”

ಮಿಷನಿನ ಚಕ್ರ ತಿರುಗತೊಡಗಿತು. ಆಮೇಲೆ ಅವಳು ಏನೂ ಬರೆಯಲಿಲ್ಲ. ತಿದ್ದಿ ಕೊಡಿ ಎಂದು ನನ್ನನ್ನು ಕೇಳಲೂ ಇಲ್ಲ. ಫಾಲ್ಗುಣದಲ್ಲಿ ನನ್ನ ಮದುವೆಯ ರವಿಕೆಯನ್ನು ಅವಳೇ ಹೊಲಿದು ಕೊಟ್ಟಳು, ಎಲ್ಲಿಯೂ ಒಂದು ನೂಲಿನಷ್ಟೂ ತಪ್ಪಿರಲಿಲ್ಲ. ನಾನು ಆಗ ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಏಕೆಂದರೆ ಅವಳು ಆ ದಿನ ಹೇಳಿದ ಮಾತು ಕಿವಿಗೆ ಬಿದ್ದ ಕೂಡಲೇ ನಾನು ಮೊದಲು ಯೋಚಿಸಿದ್ದು ಕ್ಷಮೆಯ ಬಗ್ಗೆ ಅಲ್ಲ. ಇದನ್ನೂ ಇವಳೇ ಹೇಳಿಬಿಟ್ಟಳಲ್ಲ, ನನಗೆ ಏಕೆ ಹೊಳೆಯಲಿಲ್ಲ ಎಂದು ಯೋಚಿಸಿದೆ.